ಬೀಗ ಬದಲಾದ ಮನೆ: ಮಾಲೀಕರ ಪ್ರವೇಶ ಮತ್ತು ಪರಿಶೀಲನೆಯ ಒಂದು ಪ್ರಕರಣ

ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ, ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆಯ ಪ್ರಕರಣ ಇದು. 2024ರ ಮಳೆಗಾಲದಲ್ಲಿ ಮಾಲೀಕರು ಇದನ್ನು ನಮ್ಮ ವಕೀಲರ ಕಚೇರಿಗೆ ತಂದರು. ಗುರುತು ಸಿಗದಂತೆ ಉದ್ಯೋಗ, ಮೊತ್ತ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವುದರ ನಂತರ ಯಾವುದು ನಡೆಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಇರುವುದು ಆ ಕ್ರಮದಲ್ಲಿಯೇ.

ಹಿನ್ನೆಲೆ

ಮಾಲೀಕರು ನಿವೃತ್ತ ಉಪನ್ಯಾಸಕಿ. ಪತಿ ತೀರಿಕೊಂಡ ಮೇಲೆ ಹಾಸನದಲ್ಲಿ ನೆಲೆಸಿದ್ದಾರೆ. ಬೆಂಗಳೂರಿನ ಮನೆಯ ಬಾಡಿಗೆ ವಸೂಲಿ, ರಿಪೇರಿ, ತೆರಿಗೆ ಕಟ್ಟುವುದು ಎಲ್ಲವನ್ನೂ ಅವರ ತಮ್ಮ ನೋಡಿಕೊಳ್ಳುತ್ತಿದ್ದರು. ನೆಲಮಹಡಿಯಲ್ಲಿ ವಯಸ್ಸಾದ ದಂಪತಿ ಏಳೆಂಟು ವರ್ಷಗಳಿಂದ ಇದ್ದರು. ಮೊದಲ ಮಹಡಿಯಲ್ಲಿ, 2023ರ ಜೂನ್‌ನಿಂದ, ಗಂಡ, ಹೆಂಡತಿ ಮತ್ತು ಶಾಲೆಗೆ ಹೋಗುವ ಮಗಳಿರುವ ಕುಟುಂಬ. ಬಾಡಿಗೆ ತಿಂಗಳಿಗೆ 18,000 ರೂಪಾಯಿ, ಅಡ್ವಾನ್ಸ್ ಒಂದೂವರೆ ಲಕ್ಷ, ಎಲ್ಲರಂತೆ ಹನ್ನೊಂದು ತಿಂಗಳ ಕರಾರು. ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ ಬೀಳುತ್ತಿತ್ತು; ಒಮ್ಮೆಯೂ ತಪ್ಪಿರಲಿಲ್ಲ. ಮಾಲೀಕರು ನಮ್ಮೆದುರು ಕೂತು ‘ಬಹಳ ತೊಂದರೆಯ ಜನ’ ಎಂದು ಹೇಳುವಾಗ ಈ ಮಾತನ್ನು ತಾವಾಗಿ ಹೇಳಲಿಲ್ಲ. ಪಾಸ್‌ಬುಕ್ ತಿರುವಿ ಹಾಕಿದಾಗ ನಮಗೆ ತಿಳಿಯಿತು.

ಕರಾರಿನಲ್ಲಿ ಪರಿಶೀಲನೆಯ ಬಗ್ಗೆ ಒಂದೇ ಸಾಲು ಇತ್ತು: ಮಾಲೀಕರು ಸೂಕ್ತ ಸಮಯದಲ್ಲಿ ಮನೆಯನ್ನು ಪರಿಶೀಲಿಸಬಹುದು, ಬಾಡಿಗೆದಾರರು ಅಡ್ಡಿಪಡಿಸಕೂಡದು. ಸ್ಟಾಂಪ್ ವೆಂಡರರ ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು ಮತ್ತು ಮೊತ್ತ ಮಾತ್ರ ಬದಲಾಗುತ್ತಾ ಸಾವಿರಾರು ಮನೆಗಳಿಗೆ ಹೋಗಿರುವ ಸಾಲು ಅದು. ಎಷ್ಟು ಮುಂಚೆ ತಿಳಿಸಬೇಕು, ಯಾರು ಬರಬಹುದು, ಸೂಕ್ತ ಸಮಯ ಯಾರಿಗೆ ಸೂಕ್ತವಾಗಿರಬೇಕು ಎಂಬ ಪ್ರಶ್ನೆಗಳನ್ನು ಸಹಿ ಹಾಕುವ ದಿನ ಯಾರೂ ಕೇಳುವುದಿಲ್ಲ. ಮನೆ ಸಿಕ್ಕ ಖುಷಿಯಲ್ಲಿ ಒಬ್ಬರು, ಬಾಡಿಗೆ ಬಂದ ಸಮಾಧಾನದಲ್ಲಿ ಇನ್ನೊಬ್ಬರು ಇರುತ್ತಾರೆ.

ಕಲೆ ಮತ್ತು ಜಗಳ

ಜುಲೈ ಕೊನೆಯ ವಾರ ನೆಲಮಹಡಿಯ ಮಲಗುವ ಕೋಣೆಯ ಛಾವಣಿಯಲ್ಲಿ ತಟ್ಟೆಯಗಲದ ತೇವದ ಕಲೆ ಕಾಣಿಸಿಕೊಂಡಿತು. ಹತ್ತು ದಿನಗಳಲ್ಲಿ ಅದು ಫ್ಯಾನಿನ ಕೊಂಡಿಯವರೆಗೆ ಹರಡಿತು. ಬಣ್ಣ ಹೊಪ್ಪಳೆ ಎದ್ದು ಹಾಸಿಗೆಯ ಮೇಲೆ ಉದುರತೊಡಗಿತು. ಎಲೆಕ್ಟ್ರಿಷಿಯನ್ ಬಂದು ಆ ಕೋಣೆಯ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ, ಸೋರಿಕೆ ನಿಲ್ಲುವ ತನಕ ಮೇಲೆತ್ತಬೇಡಿ ಎಂದು ಹೇಳಿ ಹೋದರು. ವೃದ್ಧ ದಂಪತಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗಲು ಶುರುಮಾಡಿದರು. ಕಲೆಯ ನೇರ ಮೇಲಿದ್ದದ್ದು ಮೊದಲ ಮಹಡಿಯ ಬಚ್ಚಲುಮನೆ.

ಮಾಲೀಕರ ತಮ್ಮ ಮೇಲಿನ ಮನೆಯವರಿಗೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. ಆಗಸ್ಟ್ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ಲಂಬರನನ್ನು ಕರೆದುಕೊಂಡು ನೇರವಾಗಿ ಮೆಟ್ಟಿಲು ಹತ್ತಿದರು. ಮೇಲಿನ ಕಬ್ಬಿಣದ ಗ್ರಿಲ್‌ಗೆ ಒಳಗಿನಿಂದ ಬೀಗ ಬಿದ್ದಿತ್ತು. ತಮ್ಮಲ್ಲಿದ್ದ ಬಾಗಿಲಿನ ನಕಲಿ ಬೀಗದ ಕೈ ಕೂಡ ಕೆಲಸಕ್ಕೆ ಬಾರದು, ಏಕೆಂದರೆ ಮಾರ್ಚಿಯಲ್ಲೇ ಬಾಡಿಗೆದಾರರು ಬೀಗವನ್ನು ಬದಲಿಸಿದ್ದರು. ಗ್ರಿಲ್‌ನ ಆಚೆ ಈಚೆ ನಿಂತು ಮಾತು ಬೆಳೆಯಿತು. ಇದು ಅಕ್ಕನ ಮನೆ ಎಂದು ಇವರು, ಬಾಡಿಗೆ ಕೊಡುವ ತನಕ ನಮ್ಮ ಮನೆ ಎಂದು ಅವರು. ಬಾಡಿಗೆದಾರರು 112ಕ್ಕೆ ಕರೆ ಮಾಡಿದರು, ಹೊಯ್ಸಳ ವಾಹನ ಬಂತು, ಪೊಲೀಸರು ಇಬ್ಬರ ಮಾತನ್ನೂ ಕೇಳಿ ಇದು ಸಿವಿಲ್ ವಿಷಯ, ಕೋರ್ಟಿನಲ್ಲಿ ನೋಡಿಕೊಳ್ಳಿ ಎಂದು ಹೇಳಿ ಹೊರಟರು. ಆ ಸಂಜೆ ತಮ್ಮ ಹಾಸನಕ್ಕೆ ಫೋನ್ ಮಾಡಿ, ‘ಅಕ್ಕ, ಇವರನ್ನು ಖಾಲಿ ಮಾಡಿಸಲೇಬೇಕು’ ಎಂದರು.

ನಮ್ಮ ಕಚೇರಿಗೆ ಬಂದಾಗ ಅಕ್ಕ–ತಮ್ಮ ಇಬ್ಬರೂ ಕೇಳಿದ್ದು ಖಾಲಿ ಮಾಡಿಸುವ ನೋಟಿಸನ್ನೇ. ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಈ ಮನೆಗೆ ಸಂಬಂಧಿಸಿದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನ ಅವಧಿ ಮೇ ತಿಂಗಳಲ್ಲೇ ಮುಗಿದು, ಮಾಲೀಕರು ಬಾಡಿಗೆ ಪಡೆಯುತ್ತಲೇ ಇದ್ದುದರಿಂದ ಅದು ತಿಂಗಳಿನಿಂದ ತಿಂಗಳಿಗೆ ಮುಂದುವರಿದ ಬಾಡಿಗೆಯಾಗಿತ್ತು. 106ನೇ ಕಲಮಿನಡಿ ಹದಿನೈದು ದಿನಗಳ ನೋಟಿಸ್ ಸಾಕಿತ್ತು. ಆದರೆ ನೋಟಿಸಿನ ಹದಿನೈದನೇ ದಿನ ಯಾರೂ ಗಂಟುಮೂಟೆ ಕಟ್ಟುವುದಿಲ್ಲ. ಹೋಗದಿದ್ದರೆ ದಾವೆ, ದಾವೆಯಾದರೆ ವಾಯಿದೆಯ ಮೇಲೆ ವಾಯಿದೆ. ಅಷ್ಟರಲ್ಲಿ ಸಿಮೆಂಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಛಾವಣಿಯೇ ಸಿಡಿಯುವ ಸ್ಥಿತಿ ಬರುತ್ತಿತ್ತು. ಮಾಲೀಕರಿಗೆ ಆ ತಿಂಗಳು ಬೇಕಾಗಿದ್ದದ್ದು ಮನೆ ಖಾಲಿಯಾಗುವುದಲ್ಲ, ಬಚ್ಚಲಿನಲ್ಲಿ ಒಂದು ಗಂಟೆ ನಿಂತು ನೋಡುವುದು. ಇವೆರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಎರಡನೆಯದೂ ಸಿಗುವುದಿಲ್ಲ ಎಂದು ನಾನು ಹೇಳಿದೆ. ಇದು ಮೊದಲ ತೀರ್ಮಾನ, ಮತ್ತು ಅದನ್ನು ಒಪ್ಪಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಮಾಲೀಕರ ತಮ್ಮ ಇನ್ನೊಂದು ಉಪಾಯ ಹೇಳಿದರು. ಓವರ್‌ಹೆಡ್ ಟ್ಯಾಂಕಿನಿಂದ ಮೇಲಿನ ಮನೆಗೆ ಹೋಗುವ ವಾಲ್ವ್ ತಿರುಗಿಸಿಬಿಟ್ಟರೆ ಎರಡೇ ದಿನಕ್ಕೆ ತಾವಾಗಿ ಬಾಗಿಲು ತೆಗೆಯುತ್ತಾರೆ ಎಂಬುದು ಅವರ ಲೆಕ್ಕ. ಬಾಡಿಗೆ ಕಟ್ಟುತ್ತಿರುವ ಕುಟುಂಬದ ನೀರು ನಿಲ್ಲಿಸಿದ ಮರುದಿನವೇ ತಡೆಯಾಜ್ಞೆಗೆ ಅರ್ಜಿ ಬೀಳುತ್ತದೆ, ಅಲ್ಲಿಂದ ಮುಂದೆ ಸೋರಿಕೆಯ ಮಾತು ಮರೆತೇಹೋಗಿ ಮಾಲೀಕರೇ ತಪ್ಪಿತಸ್ಥರಾಗಿ ನಿಲ್ಲುತ್ತಾರೆ. ಬೀಗ ಒಡೆಯುವ ಮಾತೂ ಬಂತು. ಸ್ವತ್ತು ಮಾಲೀಕರದ್ದೇ ಆಗಿದ್ದರೂ ಸ್ವಾಧೀನ ಬಾಡಿಗೆದಾರರದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಗೃಹ ಅತಿಕ್ರಮಣದಲ್ಲಿ ನೋಡುವುದು ಮನೆ ಯಾರ ಸ್ವಾಧೀನದಲ್ಲಿದೆ ಎಂಬುದನ್ನೇ ಹೊರತು ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನಲ್ಲ. ಇದು ತುರ್ತು ಪರಿಸ್ಥಿತಿ ಅಲ್ಲವೇ ಎಂದೂ ಅವರು ಕೇಳಿದರು. ಮೂರು ವಾರ ನಿಧಾನವಾಗಿ ಹರಡಿದ ತೇವವನ್ನು, ಅದರ ಕೆಳಗಿನ ವಿದ್ಯುತ್ತನ್ನು ಆಗಲೇ ಕಡಿದಿಟ್ಟಿರುವಾಗ, ತುರ್ತು ಎಂದು ಯಾವ ನ್ಯಾಯಾಧೀಶರ ಮುಂದೆಯೂ ಹೇಳಲು ನನಗೆ ಧೈರ್ಯವಿರಲಿಲ್ಲ.

ನಮ್ಮದೇ ತಪ್ಪು ಹೆಜ್ಜೆ

ಮಾಲೀಕರಿಗೆ ಹಕ್ಕು ಇತ್ತು, ಸಂದೇಹವಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ‘ಎಂ’ ಖಂಡದ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು, ಬಾಡಿಗೆದಾರರು ಮಾಲೀಕರನ್ನೂ ಅವರ ಪ್ರತಿನಿಧಿಗಳನ್ನೂ ಯುಕ್ತವಾದ ಎಲ್ಲ ಸಮಯದಲ್ಲಿ ಒಳಬಿಟ್ಟು ಸ್ವತ್ತಿನ ಸ್ಥಿತಿ ನೋಡಲು ಅವಕಾಶ ಕೊಡಬೇಕು. ದೋಷ ಕಂಡರೆ ಮಾಲೀಕರು ನೋಟಿಸ್ ಕೊಡಬಹುದು. ಆ ದೋಷ ಬಾಡಿಗೆದಾರರ ಕೃತ್ಯದಿಂದ ಆಗಿದ್ದರೆ ಮೂರು ತಿಂಗಳೊಳಗೆ ಅವರೇ ಸರಿಪಡಿಸಿಕೊಡಬೇಕು. ಅದೇ ಕಲಮಿನ ‘ಸಿ’ ಖಂಡ, ಬಾಡಿಗೆ ಕೊಟ್ಟು ಷರತ್ತು ಪಾಲಿಸುವವರು ಅಡಚಣೆಯಿಲ್ಲದೆ ಸ್ವತ್ತನ್ನು ಅನುಭವಿಸಬಹುದು ಎನ್ನುತ್ತದೆ. ಒಂದು ಕಲಮಿನ ಎರಡು ಖಂಡಗಳ ನಡುವೆ ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು 1882ರಲ್ಲಿ ಬರೆದವರು ‘ಯುಕ್ತವಾದ’ ಎಂಬ ಒಂದೇ ಪದಕ್ಕೆ ಬಿಟ್ಟಿದ್ದಾರೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕನಿಷ್ಠ 24 ಗಂಟೆ ಮುಂಚಿತ ಸೂಚನೆ ಎಂದು ಸ್ಪಷ್ಟವಾಗಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವೊಂದು ತನ್ನ ಕಾನೂನಾಗಿಸಿಕೊಂಡರಷ್ಟೇ ಬಂಧಕ.

ನಾವು ಆ 24 ಗಂಟೆಗೆ ಬದಲಾಗಿ ಉದಾರವಾಗಿ ಏಳು ದಿನ ಕೊಟ್ಟು, ‘ಎಂ’ ಖಂಡವನ್ನು ಉಲ್ಲೇಖಿಸಿ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರ ತಮ್ಮ ಮತ್ತು ಪ್ಲಂಬರ್ ಬರುತ್ತಾರೆಂದು ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಿದೆವು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ. ಒಂಬತ್ತು ದಿನಗಳ ನಂತರ ಅವರ ವಕೀಲರ ಉತ್ತರ ಬಂತು.

ಆ ಉತ್ತರದಲ್ಲಿ ಹತ್ತು ಪುಟವಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ಖಾಸಗಿತನದ ತೀರ್ಪನ್ನೂ ಅದರಲ್ಲಿ ಎಳೆದು ತಂದಿದ್ದರು. ಆ ತೀರ್ಪಿನ ಮುಖ್ಯ ಮಾತು ಸರ್ಕಾರ ಮತ್ತು ಪ್ರಜೆಯ ನಡುವಿನದ್ದು; ಸೋರುವ ಬಚ್ಚಲಿಗೆ ಅದನ್ನು ಹಚ್ಚುವುದು ಸ್ವಲ್ಪ ದೂರದ ಮಾತು ಎಂದು ನಕ್ಕು ಪುಟ ತಿರುವಿದೆ. ಒಂಬತ್ತನೇ ಪುಟದಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶದ ಪ್ರತಿ ಇತ್ತು. ಅಲ್ಲಿಗೆ ನಗು ನಿಂತಿತು.

ಮಾರ್ಚಿಯ ಒಂದು ಮಧ್ಯಾಹ್ನ ಬಾಡಿಗೆದಾರರು ಮಾಲೀಕರ ತಮ್ಮನಿಗೆ ಕಳಿಸಿದ ಸಂದೇಶ ಅದು: ‘ಸರ್, ಇವತ್ತು ನೀವು ನಿಮ್ಮ ಹತ್ತಿರ ಇರುವ ಕೀಯಿಂದ ಬಾಗಿಲು ತೆಗೆದು ಪೇಂಟರ್ ಜೊತೆ ಒಳಗೆ ಬಂದಿದ್ದೀರಿ. ನನ್ನ ಹೆಂಡತಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಳು. ಬೆಡ್‌ರೂಮ್ ಬಾಗಿಲಲ್ಲಿ ಇಬ್ಬರು ಗಂಡಸರು ನಿಂತಿದ್ದು ನೋಡಿ ಎಷ್ಟು ಹೆದರಿದ್ದಾಳೆ ನಿಮಗೆ ಗೊತ್ತಾ. ಇನ್ನು ಮುಂದೆ ಹೇಳದೆ ಬರಬೇಡಿ.’ ಕೆಳಗೆ ಎರಡು ನೀಲಿ ಗುರುತು, ಓದಿದ್ದಾರೆ. ಉತ್ತರವಿಲ್ಲ. ಮರುದಿನ ಬೀಗ ಬದಲಾಗಿದೆ.

ಹೆಂಡತಿ ವಿದೇಶಿ ಗ್ರಾಹಕರಿಗಾಗಿ ಮನೆಯಿಂದಲೇ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡು–ಮೂರರವರೆಗೆ ಅವರಿಗೆ ನಡುರಾತ್ರಿ. ನಾವು ಯುಕ್ತ ಸಮಯವೆಂದು ಸೂಚಿಸಿದ ಹನ್ನೊಂದು ಗಂಟೆಗೆ, ಮತ್ತು ಆಗಸ್ಟಿನ ಜಗಳದ ಹತ್ತು ಗಂಟೆಗೆ, ಆ ಮನೆಯಲ್ಲಿ ಬಾಗಿಲು ಬಡಿಯುವುದೆಂದರೆ ಬೇರೆಯವರ ಮನೆಯಲ್ಲಿ ರಾತ್ರಿ ಎರಡಕ್ಕೆ ಬಡಿದಂತೆ. ಅದೂ ಯಾರು ಬರುತ್ತಾರೆಂದು ನಮ್ಮ ನೋಟಿಸ್ ಹೆಸರಿಸಿತ್ತೋ, ಅದೇ ವ್ಯಕ್ತಿ ಬಂದು. ಕಕ್ಷಿದಾರರನ್ನು ಮೊದಲ ದಿನವೇ ‘ಬೀಗ ಏಕೆ ಬದಲಿಸಿದರು?’ ಎಂದು ನಾನು ಕೇಳಬೇಕಾಗಿತ್ತು. ಮೊಂಡುತನ ಎಂದು ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ.

ತಿರುವು

ಮಾಲೀಕರಿಗೆ ಮಾರ್ಚಿಯ ಘಟನೆ ಗೊತ್ತೇ ಇರಲಿಲ್ಲ, ತಮ್ಮ ಹೇಳಿರಲಿಲ್ಲ. ಸಂದೇಶದ ಪ್ರತಿಯನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ‘ನನ್ನ ಮಗಳು ಹೀಗೆ ಒಬ್ಬಳೇ ಇದ್ದಾಗ ಯಾರಾದರೂ ಬಂದಿದ್ದರೆ ನಾನು ಬೀಗ ಅಲ್ಲ, ಮನೆಯನ್ನೇ ಬದಲಿಸುತ್ತಿದ್ದೆ’ ಎಂದರು. ನಮ್ಮ ಕಚೇರಿಯ ಕಿರಿಯರೊಬ್ಬರು ತಡೆಯಾಜ್ಞೆಯ ದಾವೆಯ ಕರಡನ್ನು ಆಗಲೇ ಸಿದ್ಧಪಡಿಸಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರರನ್ನು ನೇಮಿಸಿ ಬಚ್ಚಲನ್ನು ಪರಿಶೀಲಿಸಿ ವರದಿ ತರಿಸಬೇಕೆಂಬ ಅರ್ಜಿಯೂ ಅದರೊಂದಿಗಿತ್ತು. ಒಪ್ಪದ ಬಾಡಿಗೆದಾರರ ಮನೆಯೊಳಗೆ ಕಾನೂನುಬದ್ಧವಾಗಿ ಕಾಲಿಡುವ ಸರಿಯಾದ ದಾರಿ ಅದೇ. ಮಾಲೀಕರು ಅದನ್ನು ಹದಿನೈದು ದಿನ ಮೇಜಿನಲ್ಲೇ ಇಡಲು ಹೇಳಿ, ಒಂದು ಬಿಳಿ ಹಾಳೆ ಕೇಳಿದರು.

ಕೈಬರಹದಲ್ಲಿ, ಗಂಡನಿಗಲ್ಲ, ಹೆಂಡತಿಯ ಹೆಸರಿಗೆ ಬರೆದರು. ಮಾರ್ಚಿಯಲ್ಲಿ ಆದದ್ದು ತಪ್ಪು, ತಮಗೆ ಈಗಷ್ಟೇ ತಿಳಿಯಿತು, ಕ್ಷಮೆ ಕೇಳುತ್ತೇನೆ ಎಂಬುದು ಮೊದಲ ಪ್ಯಾರಾ. ಕೆಳಮನೆಯ ಹಿರಿಯರು ಐದು ವಾರದಿಂದ ಚಾಪೆಯ ಮೇಲೆ ಮಲಗುತ್ತಿದ್ದಾರೆ ಎಂಬುದು ಎರಡನೆಯದು. ನಾನೇ ಬರುತ್ತೇನೆ, ತಮ್ಮ ಬರುವುದಿಲ್ಲ. ನಿಮಗೆ ಯಾವ ದಿನ ಎಷ್ಟು ಹೊತ್ತಿಗೆ ಆಗುತ್ತದೆ ತಿಳಿಸಿ. ಬಚ್ಚಲು ಮತ್ತು ಅದರ ಹೊರಗಿನ ಪೈಪ್ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಒಂದು ಗಂಟೆ ಸಾಕು. ಪ್ಲಂಬರನ ಹೆಸರು, ನಂಬರ್ ಇದು. ತೆಗೆದ ಪ್ರತಿ ಫೋಟೋವನ್ನೂ ಅಲ್ಲೇ ನಿಮಗೂ ಕಳಿಸುತ್ತೇನೆ. ಬಾಡಿಗೆ, ಖಾಲಿ ಮಾಡುವುದು ಇವುಗಳ ಮಾತು ಆ ದಿನ ಎತ್ತುವುದಿಲ್ಲ. ಹಳೆಯ ಬೀಗದ ನಕಲಿ ಕೈಯನ್ನು ತಮ್ಮನಿಂದ ತರಿಸಿ ಅದೇ ಲಕೋಟೆಯಲ್ಲಿ ಹಾಕಿದರು. ಬದಲಾದ ಬೀಗಕ್ಕೆ ಆ ಕೈಯಿಂದ ಏನೂ ಉಪಯೋಗವಿಲ್ಲ ಎಂದು ನಾನು ಹೇಳಿದೆ. ‘ಉಪಯೋಗ ಅವರಿಗಲ್ಲ, ನನಗೆ’ ಎಂದರು. ವಕೀಲನಾಗಿ, ತಪ್ಪೊಪ್ಪಿಗೆಯ ಸಾಲನ್ನು ಬರವಣಿಗೆಯಲ್ಲಿ ಕೊಡುವುದು ಬೇಡವೆಂದು ಸಲಹೆ ಕೊಟ್ಟಿದ್ದೆ. ಅವರು ಕೇಳಲಿಲ್ಲ, ಕೇಳದಿದ್ದುದೇ ಒಳ್ಳೆಯದಾಯಿತು.

ನಾಲ್ಕನೇ ದಿನ ಉತ್ತರ ಬಂತು, ವಕೀಲರ ಮೂಲಕವಲ್ಲ: ‘ಶನಿವಾರ ಸಂಜೆ ಐದೂವರೆಗೆ ಬನ್ನಿ ಆಂಟಿ.’

ಪರಿಶೀಲನೆ ಮತ್ತು ನಂತರ

ಸೆಪ್ಟೆಂಬರ್ ನಡುವಿನ ಆ ಶನಿವಾರ ಮಾಲೀಕರು, ಪ್ಲಂಬರ್ ಮತ್ತು ಅವನ ಸಹಾಯಕ ಹೋದರು. ಪ್ಲಂಬರ್ ಬಚ್ಚಲಿನ ನಹಾನಿ ಟ್ರ್ಯಾಪನ್ನು (ನೆಲದ ನೀರು ಹೊರಹೋಗುವ ಬಾಯಿಯನ್ನು) ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದಲ್ಲಿ ಎರಡು ಅಂಗುಲ ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಕದಡಿದ. ರಾತ್ರಿ ಆ ಬಚ್ಚಲನ್ನು ಬಳಸಬೇಡಿ, ಇನ್ನೊಂದನ್ನು ಬಳಸಿ ಎಂದು ಕೇಳಿಕೊಂಡರು. ಮರುದಿನ ಬೆಳಿಗ್ಗೆ ಕೆಳಮನೆಯ ಹಿರಿಯರು ಹಾಸಿಗೆಯ ಮೇಲೆ ಹರಡಿದ್ದ ವೃತ್ತಪತ್ರಿಕೆಯಲ್ಲಿ ಕಾಸಿನಗಲದ ಮೂರು ನೀಲಿ ಹನಿ ಬಿದ್ದಿದ್ದವು. ಮಳೆಯ ನೀರು ಗೋಡೆಯಿಂದ ಇಳಿಯುತ್ತಿದೆ ಎಂದು ಅಲ್ಲಿಯವರೆಗೆ ವಾದಿಸುತ್ತಿದ್ದ ಬಾಡಿಗೆದಾರರು ಆ ಕಾಗದವನ್ನು ನೋಡಿ ಸುಮ್ಮನಾದರು.

ಕಾರಣ ಎರಡಿತ್ತು. ಟ್ರ್ಯಾಪಿನ ಸುತ್ತಲ ಜೋಡಣೆ ಹಳೆಯದಾಗಿ ಬಿಟ್ಟುಕೊಂಡಿತ್ತು. ಅದು ಮಾಲೀಕರ ಪಾಲು. ವಾಷಿಂಗ್ ಮಷೀನಿನ ಪೈಪ್ ಕೂರಿಸಲು ಬಾಡಿಗೆದಾರರು ಕೊರೆಸಿದ ತೂತಿನಿಂದ ಎರಡು ಟೈಲ್ಸ್ ಬಿರುಕು ಬಿಟ್ಟು ಅಲ್ಲಿಂದಲೂ ನೀರು ಇಳಿಯುತ್ತಿತ್ತು. ಅದು ಅವರ ಪಾಲು. ಅಂದೇ, ಒಳಗೆ ಹೋಗುವಾಗ, ಬಾಲ್ಕನಿಗೆ ಬಾಡಿಗೆದಾರರು ಕೇಳದೆ ಶೀಟ್ ಹೊದಿಸಿರುವುದು ಮಾಲೀಕರ ಕಣ್ಣಿಗೆ ಬಿತ್ತು. ನಂತರ ಅವರು ನನಗೆ ಹೇಳಿದ್ದು: ‘ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.’ ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಬೆಲೆ ಕೊಡುವ ಕ್ಷಣ ಇದು. ಬಚ್ಚಲು ನೋಡಲು ಬಂದವರು ಬಾಲ್ಕನಿಯ ಬಗ್ಗೆ ಶುರುಮಾಡಿದ್ದರೆ, ಪರಿಶೀಲನೆ ಎಂಬುದು ತಪ್ಪು ಹುಡುಕುವ ನೆಪ ಎಂಬ ಬಾಡಿಗೆದಾರರ ಶಂಕೆ ಅಲ್ಲಿಯೇ ನಿಜವಾಗುತ್ತಿತ್ತು, ಮತ್ತು ರಿಪೇರಿಗಾಗಿ ಎರಡನೇ ಸಲ ಬಾಗಿಲು ತೆರೆಯುತ್ತಿರಲಿಲ್ಲ. ಶೀಟಿನ ವಿಷಯವನ್ನು ನವೆಂಬರಿನಲ್ಲಿ ಪ್ರತ್ಯೇಕ ಪತ್ರದಲ್ಲಿ ಕೇಳಿದರು. ಖಾಲಿ ಮಾಡುವಾಗ ತೆಗೆಯುತ್ತೇವೆ ಎಂದು ಅವರು ಬರೆದುಕೊಟ್ಟರು.

ಕೆಲಸ ನಡೆದದ್ದು ದಸರಾ ರಜೆಯಲ್ಲಿ, ಕುಟುಂಬ ಊರಿಗೆ ಹೋಗಿದ್ದಾಗ. ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಡಲಿಲ್ಲ, ಕೆಳಮನೆಯ ಹಿರಿಯರಿಗೆ ಕೊಟ್ಟು ಹೋದರು. ಮಾಲೀಕರು ಅದನ್ನು ಅವಮಾನವೆಂದು ಎಣಿಸಲಿಲ್ಲ. ಒಟ್ಟು 41,000 ರೂಪಾಯಿ ಖರ್ಚಾಯಿತು, ಅದರಲ್ಲಿ 9,000 ಬಾಡಿಗೆದಾರರು ಕೊಟ್ಟರು. ಅಡ್ವಾನ್ಸಿನಿಂದ ಮುರಿದುಕೊಳ್ಳುವುದು ಬೇಡವೆಂದು ಎರಡೂ ಕಡೆಯವರು ಒಪ್ಪಿದ್ದರಿಂದ ಕೊನೆಯ ಲೆಕ್ಕದ ದಿನ ಅದರ ಮಾತೇ ಬರಲಿಲ್ಲ.

ಇದನ್ನು ಎಲ್ಲರೂ ಕೈಕುಲುಕಿದ ಕಥೆ ಎಂದು ಓದಬಾರದು. ಬಾಡಿಗೆದಾರ ಗಂಡ ಕೊನೆಯವರೆಗೂ ಮಾಲೀಕರೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಅಕ್ಕ–ತಮ್ಮನ ನಡುವೆ ದೀಪಾವಳಿಯವರೆಗೂ ಮಾತು ನಿಂತಿತ್ತು. ಬೇರೆ ಬಾಡಿಗೆದಾರರಾಗಿದ್ದರೆ ಆ ಪತ್ರಕ್ಕೂ ಉತ್ತರ ಬಾರದೆ ಇರಬಹುದಿತ್ತು. ಆಗ ಮೇಜಿನಲ್ಲಿದ್ದ ದಾವೆಯನ್ನು ಹಾಕಲೇಬೇಕಾಗುತ್ತಿತ್ತು, ಮತ್ತು ಆ ಕೈಬರಹದ ಪತ್ರವೇ ಕೋರ್ಟಿನಲ್ಲಿ ಮಾಲೀಕರ ಅತ್ಯುತ್ತಮ ದಾಖಲೆಯಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಕಾರಣ, ಬರುವವರು, ನೋಡುವ ಜಾಗ ಎಲ್ಲವನ್ನೂ ತಿಳಿಸಿ, ದಿನ, ಗಂಟೆಯನ್ನು ಎದುರಿನವರ ಅನುಕೂಲಕ್ಕೆ ಬಿಟ್ಟ ಮೇಲೂ ನಿರಾಕರಿಸಿದವರಿಗೆ, ‘ಯುಕ್ತವಾದ ಸಮಯ’ದ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ. ಹನ್ನೊಂದು ಗಂಟೆಯ ನಮ್ಮ ಮೊದಲ ನೋಟಿಸಿಗೆ ಆ ಬಲ ಇರಲಿಲ್ಲ.

ಕುಟುಂಬ 2025ರ ಏಪ್ರಿಲ್‌ನಲ್ಲಿ, ಮಗಳ ಪರೀಕ್ಷೆ ಮುಗಿದ ಮೇಲೆ, ತಾವಾಗಿ ಬೇರೆ ಮನೆಗೆ ಹೋಯಿತು. ಹೊಸ ಬಾಡಿಗೆದಾರರಿಗಾಗಿ ಪರಿಶೀಲನೆಯ ಷರತ್ತನ್ನು ನಾವು ಹೀಗೆ ಬರೆದೆವು: ‘ಮಾಲೀಕರು ಅಥವಾ ಅವರು ಲಿಖಿತವಾಗಿ ಹೆಸರಿಸಿದ ವ್ಯಕ್ತಿಯು, ಕಾರಣ, ದಿನ, ಗಂಟೆ ಹಾಗೂ ಬರುವವರ ಹೆಸರನ್ನು ಕನಿಷ್ಠ 48 ಗಂಟೆ ಮುಂಚೆ ವಾಟ್ಸ್‌ಆ್ಯಪ್ ಅಥವಾ ಪತ್ರದ ಮೂಲಕ ತಿಳಿಸಿ, ಬಾಡಿಗೆದಾರರ ಅಥವಾ ಅವರು ಸೂಚಿಸಿದವರ ಸಮ್ಮುಖದಲ್ಲಿ ಮನೆಯನ್ನು ಪರಿಶೀಲಿಸತಕ್ಕದ್ದು. ತಿಳಿಸಿದ ವೇಳೆ ಅನನುಕೂಲವಾದರೆ ಬಾಡಿಗೆದಾರರು ಮುಂದಿನ ಐದು ದಿನಗಳೊಳಗಿನ ಬೇರೊಂದು ವೇಳೆಯನ್ನು ಕೊಡತಕ್ಕದ್ದು. ಮಾಲೀಕರು ಮನೆಯ ನಕಲಿ ಕೈಯನ್ನು ಇಟ್ಟುಕೊಳ್ಳುವುದಿಲ್ಲ. ತುರ್ತು ಸಂದರ್ಭಕ್ಕೆ ಈ ಷರತ್ತು ಅನ್ವಯಿಸುವುದಿಲ್ಲ.’

ಹೊಸದಾಗಿ ಬಂದ ಬಾಡಿಗೆದಾರರು ಒಬ್ಬ ಬ್ಯಾಂಕ್ ಉದ್ಯೋಗಿ. ಕರಡನ್ನು ಕೂತು ಪೂರ್ತಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ತುರ್ತು ಅಂದರೆ ಏನು ಅಂತ ಇಲ್ಲೇ ಬರೆದುಬಿಡಿ ಮೇಡಂ’ ಎಂದರು. ಬೆಂಕಿ, ಅಡುಗೆ ಅನಿಲದ ವಾಸನೆ, ವಿದ್ಯುತ್ ಶಾರ್ಟ್, ಬೀಗ ಹಾಕಿದ ಮನೆಯಿಂದ ಹೊರಗೆ ಹರಿಯುತ್ತಿರುವ ನೀರು. ಆಗಲೂ ಮೊದಲು ಫೋನ್ ಮಾಡಬೇಕು, ಎತ್ತದಿದ್ದರೆ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಒಳಗೆ ಹೋಗಬೇಕು ಎಂದು ಸೇರಿಸಿದೆವು. ಮಾಲೀಕರು ಪ್ರತಿ ಪುಟಕ್ಕೂ ಸಹಿ ಹಾಕಿ, ಪೆನ್ನನ್ನು ಅವರ ಕಡೆ ತಳ್ಳಿದರು.